ಗೇಟಿಗೆ ಅನುದಾನ ಐತಿ, ಮಾಲಿಗೆ ಇಲ್ಲ

ಧಾರವಾಡದಲ್ಲಿ ನಮ್ಮ ಬಡಾವಣೆಯ ಉದ್ಯಾನಕ್ಕೆ ಎರಡು ವರ್ಷದ ಹಿಂದೆ ಹೊಸ ಗೇಟು ಬಂತು. ಒಳಗೆ ಪೇವರ್ಸ್ ಹಾಸಿದ ನಡಿಗೆ ದಾರಿ, ನಾಲ್ಕು ಕಲ್ಲುಬೆಂಚು, ಓಪನ್ ಜಿಮ್ಮಿನ ಆರು ಯಂತ್ರ ಬಂದವು. ಕಂಬಕ್ಕೆ ಕಪ್ಪು ಗ್ರಾನೈಟಿನ ಫಲಕ ಕೂಡಿಸಿದರು. ಅದೇ ಮಳೆಗಾಲದಲ್ಲಿ ನಲವತ್ತು ಸಸಿ ನೆಟ್ಟರು: ಹೊಂಗೆ, ಬೇವು, ನೇರಳೆ, ಒಂದಿಷ್ಟು ಬಾದಾಮಿ. ಈ ಏಪ್ರಿಲ್‌ನಲ್ಲಿ ವಾಕಿಂಗ್ ಹೋದಾಗ ಒಂದೊಂದೇ ಎಣಿಸಿದೆ. ಹದಿಮೂರು ಉಳಿದಿದ್ದವು. ಬೋರ್‌ವೆಲ್ಲಿನ ಮೋಟರ್ ಸುಟ್ಟು ಎಂಟು ತಿಂಗಳಾಗಿತ್ತು. ಗುತ್ತಿಗೆದಾರರ ಕಡೆಯ ಮಾಲಿಗೆ ಇದೂ ಸೇರಿ ಐದು ಉದ್ಯಾನ. ವಾರಕ್ಕೆರಡು ದಿನ ನಮ್ಮ ಕಡೆ ಬರುತ್ತಾರೆ, ಪಕ್ಕದ ಮನೆಯಿಂದ ಪೈಪು ಎಳೆದು ಆದಷ್ಟು ನೀರುಣಿಸಿ ಹೋಗುತ್ತಾರೆ.

ಸಸಿಗಳ ಬಗ್ಗೆ ಕೇಳಿದಾಗ ಅವರು ಸಿಟ್ಟಾಗಲಿಲ್ಲ. ಒಣಗಿದ ನೇರಳೆಯ ಬುಡದಲ್ಲಿ ಕೂತು ಮಣ್ಣು ಕೆದರುತ್ತಲೇ ಹೇಳಿದರು: “ಅಕ್ಕಾರ, ಗಿಡಾ ಹಚ್ಚೂದು ಒಂದ ದಿನದ ಕೆಲಸರಿ. ಬದುಕಸೂದು ಮೂರ ಬ್ಯಾಸಗಿ ಕೆಲಸ. ಹಚ್ಚಾಕ ರೊಕ್ಕಾ ಕೊಟ್ಟಾರ, ಬ್ಯಾಸಗಿಗೆ ಕೊಟ್ಟಿಲ್ಲ.”

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಉದ್ಯಾನ, ಕೆರೆದಂಡೆ, ನಡಿಗೆ ದಾರಿ, ಗುಡ್ಡ, ಹುಲ್ಲುಗಾವಲುಗಳಿಗೆ ಸರ್ಕಾರದ ದುಡ್ಡು ಹೇಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೆಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ನಾನು ಕಂಡದ್ದೆಲ್ಲ ಆ ಮಾಲಿಯ ಮಾತಿನಲ್ಲಿದೆ. ದುಡ್ಡೇ ಬರುವುದಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಕೋಟಿಗಟ್ಟಲೆ ಬಂದಿದೆ. ಆದರೆ ಬರುವ ದುಡ್ಡೆಲ್ಲ ಕಟ್ಟುವುದಕ್ಕೆ. ಕಟ್ಟಿದ್ದನ್ನು ಅಥವಾ ಮೊದಲಿನಿಂದ ಇದ್ದದ್ದನ್ನು ಕಾಯುವವರಿಗೆ ಬರುವುದು ತೀರ ಕಡಿಮೆ, ಅದೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಮೊದಲು ಅವಳಿ ನಗರವನ್ನೇ ನೋಡೋಣ. ಹುಬ್ಬಳ್ಳಿ–ಧಾರವಾಡ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರಲ್ಲಿ. ಒಂದು ನಗರಕ್ಕೆ ಐದು ವರ್ಷದಲ್ಲಿ ಕೇಂದ್ರದಿಂದ 500 ಕೋಟಿ ರೂ., ಅಷ್ಟೇ ಮೊತ್ತ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯ ಕಡೆಯಿಂದ ಎಂಬುದು ಆ ಮಿಷನ್ನಿನ ಲೆಕ್ಕವಾಗಿತ್ತು. ತೋಳನಕೆರೆಗೂ ಇಂದಿರಾ ಗಾಜಿನಮನೆಯಿರುವ ಮಹಾತ್ಮ ಗಾಂಧಿ ಉದ್ಯಾನಕ್ಕೂ ಹೊಸ ರೂಪ ಬಂದದ್ದು ಆ ದುಡ್ಡಿನಲ್ಲಿ. ಸಂಜೆ ಆರಕ್ಕೆ ತೋಳನಕೆರೆಯ ದಂಡೆಗೆ ಹೋಗಿ ನೋಡಿ. ಮೊಮ್ಮಕ್ಕಳ ಕೈ ಹಿಡಿದ ಅಜ್ಜಂದಿರು, ಓಟದ ಹುಡುಗರು, ಟಿಫಿನ್ ಡಬ್ಬಿ ಬಿಚ್ಚಿ ಕೂತ ಹೆಣ್ಣುಮಕ್ಕಳು, ಎಲ್ಲರಿಗೂ ಅಲ್ಲಿ ಜಾಗವಿದೆ. ಹುಬ್ಬಳ್ಳಿಯಂಥ ಧೂಳಿನ ಊರಿಗೆ ಇದು ಸಣ್ಣ ಕೊಡುಗೆಯೇನಲ್ಲ. ಆದರೆ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕಟ್ಟಿದ ಆಸ್ತಿಯೆಲ್ಲ ಪಾಲಿಕೆಯ ಕೈಗೆ ಬರುತ್ತದೆ, ಅದರ ಜೊತೆಗೆ ಕಾರಂಜಿಯ ಕರೆಂಟ್ ಬಿಲ್, ದೀಪದ ಬಲ್ಬು, ಕಾವಲುಗಾರರ ಸಂಬಳವೂ ಬರುತ್ತವೆ. ಆ ಖರ್ಚಿಗೆ ಮಿಷನ್ ಹಣವಿಟ್ಟಿಲ್ಲ.

ಇನ್ನೊಂದು ದೊಡ್ಡ ಹಣದ ಮೂಲ ನಗರಗಳ ಮೂಲಸೌಕರ್ಯಕ್ಕೆಂದು ಕೇಂದ್ರ ತಂದ ಅಮೃತ್ ಯೋಜನೆ. 2015ರಲ್ಲಿ ಬಂದ ಮೊದಲ ಹಂತದ ಬಹುಪಾಲು ಹಣ ಕುಡಿಯುವ ನೀರಿಗೂ ಒಳಚರಂಡಿಗೂ ಮೀಸಲಾಗಿತ್ತು. ಹಸಿರು ತಾಣ ಮತ್ತು ಉದ್ಯಾನಕ್ಕೆ ಹೆಚ್ಚೆಂದರೆ ಶೇ 2.5. ಅದರಲ್ಲೂ ಊರುಗಳ ಆಯ್ಕೆಗೆ ಜನಸಂಖ್ಯೆಯೇ ಅಳತೆಗೋಲು, 1 ಲಕ್ಷ ದಾಟಿರಬೇಕು. ಹೀಗಾಗಿ ಗದಗ–ಬೆಟಗೇರಿ ಸೇರಿತು, ರಾಣೆಬೆನ್ನೂರು ಸೇರಿತು, ಜಿಲ್ಲಾ ಕೇಂದ್ರ ಹಾವೇರಿ ಹೊರಗುಳಿಯಿತು. 2011ರ ಜನಗಣತಿಯಲ್ಲಿ ಹಾವೇರಿಯ ಜನಸಂಖ್ಯೆ 67 ಸಾವಿರ ಚಿಲ್ಲರೆ. ಸಣ್ಣ ಊರಿನ ಮಕ್ಕಳಿಗೆ ಜಾರುಬಂಡಿ ಬೇಡವೆಂದು ಯಾರೂ ಹೇಳುವುದಿಲ್ಲ, ಆದರೆ ಅನುದಾನದ ಸೂತ್ರ ಆರು ವರ್ಷ ಹಾಗೆಯೇ ಹೇಳಿತು. 2021ರ ಅಕ್ಟೋಬರ್‌ನಲ್ಲಿ ಬಂದ ಅಮೃತ್ 2.0 ಎಲ್ಲ ಪಟ್ಟಣಗಳಿಗೂ ಬಾಗಿಲು ತೆರೆದು, ಕೆರೆ ಪುನಶ್ಚೇತನವನ್ನೂ ಸೇರಿಸಿಕೊಂಡಿತು. ಎರಡೂ ಹಂತಗಳಲ್ಲಿ ಬದಲಾಗದೆ ಉಳಿದದ್ದು ಒಂದೇ ಸಂಗತಿ. ಕಟ್ಟಿಕೊಡುವುದು ಯೋಜನೆಯ ಕೆಲಸ, ನೋಡಿಕೊಳ್ಳುವ ಭಾರ ಸ್ಥಳೀಯ ಸಂಸ್ಥೆಯದು ಮತ್ತು ಅಕ್ಕಪಕ್ಕದ ನಿವಾಸಿಗಳದು.

ಹಾಗಾದರೆ ಸ್ಥಳೀಯ ಸಂಸ್ಥೆಯ ಕೈಯಲ್ಲಿ ಏನಿದೆ? 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ನಮ್ಮಂಥ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಶೇ 60ರಷ್ಟು ಹಣ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಉಳಿದ ಶೇ 40ನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು, ಆದರೆ ಸಂಬಳಕ್ಕೂ ಸಿಬ್ಬಂದಿ ವೆಚ್ಚಕ್ಕೂ ಬಳಸುವಂತಿರಲಿಲ್ಲ. ಈ ನಿಯಮದ ಹಿಂದಿನ ಉದ್ದೇಶ ನನಗೆ ಅರ್ಥವಾಗುತ್ತದೆ. ಅಭಿವೃದ್ಧಿಯ ಹಣ ಕಚೇರಿಯ ಖರ್ಚಿಗೆ ಹರಿದುಹೋಗಬಾರದು. ಆದರೆ ಉದ್ಯಾನದ ಮಟ್ಟಿಗೆ ಮಾಲಿಯೇ ಅಭಿವೃದ್ಧಿ. ಬೆಂಚು ನಾಳೆಯೂ ಬೆಂಚೇ ಆಗಿರುತ್ತದೆ. ಸಸಿ ಮಾತ್ರ ನೀರು ಬಿದ್ದರೆ ಮರವಾಗುತ್ತದೆ, ಬೀಳದಿದ್ದರೆ ಒಣಗಿದ ಕಡ್ಡಿ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂ. ಪ್ರದೇಶಾಭಿವೃದ್ಧಿ ನಿಧಿ ಇದೆ. ಅದೂ ಕಣ್ಣಿಗೆ ಕಾಣುವ, ಬಾಳಿಕೆ ಬರುವ ಆಸ್ತಿಗೆ.

ಕಾಮಗಾರಿಯ ಒಳಗಿನ ಲೆಕ್ಕವೂ ಇದಕ್ಕೆ ತಕ್ಕಂತೆಯೇ ಇದೆ. ಎಸ್ಟಿಮೇಟ್ ಮಾಡುವ ಎಂಜಿನಿಯರ್ ಮುಂದೆ ಸರ್ಕಾರ ಗೊತ್ತುಮಾಡಿದ ಎಸ್‌.ಆರ್. ದರಪಟ್ಟಿ ಇರುತ್ತದೆ. ಪೇವರ್ಸ್ ಚದರ ಮೀಟರಿಗೆ ಎಷ್ಟು, ಕಾಂಕ್ರೀಟ್ ಘನ ಮೀಟರಿಗೆ ಎಷ್ಟು, ಕಬ್ಬಿಣ ಕೆ.ಜಿ.ಗೆ ಎಷ್ಟು ಎಂದು ಅದರಲ್ಲಿ ಬರೆದಿದೆ. ಅಳೆಯಬಹುದು, ಅಳತೆ ಪುಸ್ತಕದಲ್ಲಿ ಬರೆಯಬಹುದು, ಬಿಲ್ ಮಾಡಬಹುದು. ಮರದ ನೆರಳಿಗೆ ಚದರ ಮೀಟರಿನ ದರವಿಲ್ಲ. ಕ್ರಿಯಾಯೋಜನೆಗೆ ಮಂಜೂರಾತಿ ಸಿಕ್ಕು, ಟೆಂಡರ್ ಆಗಿ, ವರ್ಕ್ ಆರ್ಡರ್ ಕೈಸೇರುವಷ್ಟರಲ್ಲಿ ಡಿಸೆಂಬರ್ ದಾಟಿರುತ್ತದೆ. ಮಾರ್ಚ್ ಒಳಗೆ ಖರ್ಚು ತೋರಿಸಿ ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ಬರುವುದಿಲ್ಲ. ಆ ಮೂರು ತಿಂಗಳಲ್ಲಿ ಮುಗಿಸಬಹುದಾದದ್ದು ಏನು? ಗೇಟು, ಗೋಡೆ, ಪೇವರ್ಸ್, ದೀಪ. ನಮ್ಮ ಉದ್ಯಾನಗಳಲ್ಲಿ ಮಣ್ಣಿನ ನೆಲ ವರ್ಷವರ್ಷ ಕಡಿಮೆಯಾಗಿ ಸಿಮೆಂಟ್ ಹೆಚ್ಚುತ್ತಿರುವುದಕ್ಕೆ ಯಾರೋ ಒಬ್ಬರ ಅಭಿರುಚಿ ಕಾರಣವಲ್ಲ. ಹಣದ ಕ್ಯಾಲೆಂಡರ್ ಅದನ್ನೇ ಮಾಡಿಸುತ್ತದೆ.

ಉಣಕಲ್ ನಾಲೆಯ ಹಸಿರು ಪಥದ ಬಗ್ಗೆ ನನಗೆ ಹೆಚ್ಚಿನ ಆಸೆಯಿದೆ, ಅಷ್ಟೇ ಆತಂಕವೂ ಇದೆ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ, ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ ಮತ್ತು ಐರೋಪ್ಯ ಒಕ್ಕೂಟ ಕೂಡಿ 2018ರಲ್ಲಿ ತಂದ ಸಿಟೀಸ್ ಯೋಜನೆಯಲ್ಲಿ ದೇಶದ 12 ನಗರಗಳು ಸ್ಪರ್ಧೆಯ ಮೂಲಕ ಆಯ್ಕೆಯಾದವು. ಅವುಗಳಲ್ಲಿ ನಮ್ಮದೂ ಒಂದು. ಉಣಕಲ್ ಕೆರೆಯಿಂದ ಹರಿದು ಊರಿನ ನಡುವೆ ಹಾಯುವ ನಾಲೆಯ ದಂಡೆಯಲ್ಲಿ ಸೈಕಲ್ ದಾರಿ, ನಡಿಗೆ ದಾರಿ, ಗಿಡಮರ ಬರಬೇಕು ಎಂಬುದು ಕಲ್ಪನೆ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ನಾಲೆ ಎಂದರೆ ಮೂಗು ಮುಚ್ಚಿಕೊಂಡು ದಾಟುವ ಜಾಗ. ಅದರ ಪಕ್ಕದಲ್ಲಿ ಮಕ್ಕಳು ಸೈಕಲ್ ಹೊಡೆಯಬಹುದು ಎಂದು ಯಾರಾದರೂ ಯೋಚಿಸಿದರಲ್ಲ, ಅದೇ ದೊಡ್ಡದು.

ಆದರೆ ನಾಲೆ ಒಂದು ದಿನವೂ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಉಕ್ಕಿದಾಗ ಹೂಳು, ಪ್ಲಾಸ್ಟಿಕ್ಕು, ಮುರಿದ ಥರ್ಮಾಕೋಲು ತಂದು ದಂಡೆಗೆ ಎಸೆಯುತ್ತದೆ. ಮೇಲಿನ ಬಡಾವಣೆಗಳ ಕೊಳಚೆ ನೀರು ಅದಕ್ಕೆ ಸೇರುವುದು ನಿಲ್ಲದ ಹೊರತು ಪಥದ ಗಾಳಿ ಶುದ್ಧವಾಗುವುದಿಲ್ಲ. ಸೈಕಲ್ ದಾರಿ ಕಟ್ಟಲು ಸ್ಪರ್ಧೆಯಲ್ಲಿ ಗೆದ್ದ ಅನುದಾನವಿದೆ, ವಿದೇಶಿ ತಜ್ಞರ ಸಲಹೆಯಿದೆ. ಪ್ರತಿ ಮಳೆಯಾದ ಮರುದಿನ ಬೆಳಿಗ್ಗೆ ಸಲಿಕೆ ಹಿಡಿದು ಹೂಳು ತೆಗೆಯುವ ಹತ್ತು ಜನರ ಕೂಲಿಗೆ ಯಾವ ಫ್ರಾನ್ಸಿನ ಸಂಸ್ಥೆಯೂ ಹಣ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಅದು ನಮ್ಮ ಊರಿನ ಕೆಲಸ. ಆ ಕೂಲಿಯನ್ನು ಪಾಲಿಕೆಯ ಮುಂಗಡಪತ್ರದಲ್ಲಿ ಮೊದಲೇ ಬರೆದಿಡದಿದ್ದರೆ ಎರಡು ಮಳೆಗಾಲ ಕಳೆಯುವುದರೊಳಗೆ ಪಥ ಮತ್ತೆ ನಾಲೆಯ ಪಾಲಾಗುತ್ತದೆ.

ಊರಿನ ಸ್ವಂತ ಹಣ ಎಲ್ಲಿಂದ ಬರಬೇಕು ಎಂದು ಕೇಳುವವರು ತಮ್ಮ ಮನೆಯ ಆಸ್ತಿ ತೆರಿಗೆ ಚಲನ್ ಒಮ್ಮೆ ತೆಗೆದು ನೋಡಬೇಕು. ತೆರಿಗೆಯ ಮೇಲೆ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3. ವರ್ಷಕ್ಕೆ 5,000 ರೂ. ತೆರಿಗೆ ಕಟ್ಟುವ ಮನೆ ಇವಕ್ಕೆ ಕ್ರಮವಾಗಿ 750, 300, 150 ರೂ. ಸೇರಿಸಿ ಕಟ್ಟುತ್ತದೆ. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿದವರು ದೂರ ನೋಡಿದ್ದರು. ಪುಸ್ತಕ ಒಮ್ಮೆ ಕೊಂಡರೆ ಸಾಲದು, ಪ್ರತಿವರ್ಷ ಹೊಸ ಪುಸ್ತಕ ಬರಬೇಕು, ಬಾಗಿಲು ತೆರೆಯುವವರು ಇರಬೇಕು, ಅದಕ್ಕೆ ನಿಂತ ಆದಾಯ ಬೇಕು ಎಂಬುದು ಅವರಿಗೆ ತಿಳಿದಿತ್ತು. ಉದ್ಯಾನಕ್ಕೂ ಇದೇ ಮಾತು ಸಲ್ಲುತ್ತದೆ, ಆದರೆ ಆ ಚಲನ್‌ನಲ್ಲಿ ಉದ್ಯಾನಕ್ಕೆಂದು ಒಂದು ಸಾಲೂ ಇಲ್ಲ. ಶೇ 2 ಎಂದು ಇಟ್ಟರೂ ಅದೇ ಮನೆಗೆ ವರ್ಷಕ್ಕೆ 100 ರೂ. ಹೊಸ ಸೆಸ್ ಎಂದರೆ ಜನ ಬೇಸರಪಡುತ್ತಾರೆ, ಗೊತ್ತು. ಗ್ರಂಥಾಲಯ ಸೆಸ್ ವಸೂಲಾದರೂ ಸ್ಥಳೀಯ ಸಂಸ್ಥೆಗಳು ಅದನ್ನು ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಳ್ಳುವ ಚಾಳಿಯೂ ಗೊತ್ತಿರುವುದೇ. ಅದಕ್ಕೇ ಹೇಳುತ್ತೇನೆ, ಆ 100 ರೂಪಾಯಿ ವಾರ್ಡಿನ ಹೆಸರಿನಲ್ಲೇ ಪ್ರತ್ಯೇಕ ಖಾತೆಗೆ ಹೋಗಬೇಕು, ವಾರ್ಡ್ ಸಮಿತಿಯ ಮುಂದೆ ಅದರ ಲೆಕ್ಕ ಬರಬೇಕು.

ಎಷ್ಟು ಬೇಕಾದೀತು ಎಂದು ಒಂದು ಅಂದಾಜು ಹಾಕೋಣ. 1 ಕೋಟಿ ರೂ.ಯ ಉದ್ಯಾನಕ್ಕೆ ಅದರ ಶೇ 5ರಷ್ಟನ್ನು ಪ್ರತಿವರ್ಷ ತೆಗೆದಿಟ್ಟರೆ 5 ಲಕ್ಷ, ತಿಂಗಳಿಗೆ ಸುಮಾರು 42 ಸಾವಿರ. ಇಬ್ಬರು ಮಾಲಿಗಳು, ಮೋಟರಿನ ಕರೆಂಟ್ ಬಿಲ್, ಸಣ್ಣಪುಟ್ಟ ರಿಪೇರಿ ಅದರಲ್ಲಿ ನಡೆಯುತ್ತದೆ. ಇಷ್ಟಕ್ಕೆ ಹಿಂದೆಮುಂದೆ ನೋಡಿ ಹತ್ತು ವರ್ಷದ ಮೇಲೆ ಮತ್ತೆ 1 ಕೋಟಿಗೆ ‘ಪುನರುಜ್ಜೀವನ’ ಎಂದು ಟೆಂಡರ್ ಕರೆಯುತ್ತೇವೆ.

ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 1962ರಿಂದ ಒಂದೇ ಮನೆಯಲ್ಲಿದ್ದವರು ಬೇರೆ ಒಲೆ ಹೂಡುವಾಗ ಪಾತ್ರೆಪಗಡೆ ಹಂಚಿಕೊಳ್ಳುತ್ತಾರೆ. ನೌಕರರು, ಸಾಲ, ವಾಹನಗಳ ಹಂಚಿಕೆಯ ಬಗ್ಗೆ ಮಾತು ಕೇಳಿಬರುತ್ತದೆ. ಉದ್ಯಾನಗಳ ನಿರ್ವಹಣೆಯ ಹಣ ಯಾವ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಜನಸಂಖ್ಯೆಯ ಮೇಲೆ ಹಂಚಿದರೆ, ಮರ ಹೆಚ್ಚಿರುವ ಮತ್ತು ಕೆರೆಗಳ ಊರೆಂದೇ ಹೆಸರಾದ ಧಾರವಾಡಕ್ಕೆ ಕೆಲಸ ಹೆಚ್ಚು, ಹಣ ಕಡಿಮೆ ಬರುತ್ತದೆ.

ಇನ್ನು ಊರು ಬಿಟ್ಟು ಗುಡ್ಡದ ಕಡೆ ಹೋಗೋಣ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹರಡಿರುವ ಕಪ್ಪತಗುಡ್ಡಕ್ಕೆ 2015ರ ಡಿಸೆಂಬರ್‌ನಲ್ಲಿ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನ ಸಿಕ್ಕಿತು. ಒಂದು ವರ್ಷ ತುಂಬುವ ಮೊದಲೇ, 2016ರ ನವೆಂಬರ್‌ನಲ್ಲಿ, ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ನೆಲದಡಿಯ ಅದಿರು, ಚಿನ್ನದ ಮೇಲೆ ಕಣ್ಣಿಟ್ಟವರು ಇದ್ದರು. 2017ರ ಫೆಬ್ರುವರಿಯಲ್ಲಿ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಧರಣಿ ನಡೆಯಿತು. ಏಪ್ರಿಲ್‌ನಲ್ಲಿ ಮೀಸಲು ಸ್ಥಾನ ಮರಳಿ ಬಂತು. 2019ರ ಮೇ ತಿಂಗಳಲ್ಲಿ 244.15 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಸ್ವಾಮೀಜಿ 2018ರ ಅಕ್ಟೋಬರ್‌ನಲ್ಲೇ ಲಿಂಗೈಕ್ಯರಾಗಿದ್ದರು, ಆ ದಿನ ನೋಡಲಿಲ್ಲ.

ಈ ಗೆಲುವಿಗೆ ಸರ್ಕಾರದ ಒಂದು ರೂಪಾಯಿ ಅನುದಾನವೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಬೇಕು. ಊರುಗಳಿಂದ ರೊಟ್ಟಿಗಂಟು ಕಟ್ಟಿಕೊಂಡು ಬಂದ ಜನ ಅದನ್ನು ಗಳಿಸಿದರು. ಆದರೆ ಅಧಿಸೂಚನೆ ಹೊರಟ ಮರುದಿನದಿಂದ ಹಣದ ಪ್ರಶ್ನೆ ಶುರು. ಬೇಸಿಗೆ ಬಂದರೆ ಗುಡ್ಡದ ಒಣಹುಲ್ಲಿಗೆ ಬೆಂಕಿ ಬೀಳುತ್ತದೆ. ಅದನ್ನು ತಡೆಯಲು ಜನವರಿ–ಫೆಬ್ರುವರಿಯಲ್ಲೇ ಬೆಂಕಿ ರೇಖೆ ಮಾಡಬೇಕು, ಎಂದರೆ ಹುಲ್ಲನ್ನು ಪಟ್ಟಿಯಂತೆ ಹೆರೆದು ಸುಟ್ಟು ಬೆಂಕಿ ದಾಟದಂತೆ ಬಯಲು ಮಾಡಬೇಕು. ಗಾಳಿಗುಂಡಿ ಬಸವಣ್ಣನ ಎತ್ತರದಲ್ಲಿ ನಿಂತವರಿಗೆ ಗೊತ್ತು, ಆ ಗಾಳಿಗೆ ಒಂದು ಬೀಡಿಯ ಕಿಡಿ ಸಾಕು. ಬೆಂಕಿ ಕಾವಲಿಗೆ ಹೋಗುವವರು ಸುತ್ತಲಿನ ಹಳ್ಳಿಗಳ ದಿನಗೂಲಿ ಹುಡುಗರು. ಹಸಿ ಸೊಪ್ಪಿನ ಟೊಂಗೆಯಿಂದ ಬಡಿದು ಬೆಂಕಿ ಆರಿಸುತ್ತಾರೆ. ಅವರ ಕೂಲಿಯ ಆದೇಶ ಮಾರ್ಚ್ ಕೊನೆಗೆ ಬಂದರೆ ಆ ಹೊತ್ತಿಗೆ ಅರ್ಧ ಗುಡ್ಡ ಕರಕಲಾಗಿರುತ್ತದೆ.

ವನ್ಯಜೀವಿಧಾಮಗಳಿಗೆ ಕೇಂದ್ರದ ವನ್ಯಜೀವಿ ಆವಾಸ ಅಭಿವೃದ್ಧಿ ಯೋಜನೆಯಲ್ಲಿ ಹಣವಿದೆ. ಕೇಂದ್ರ ಶೇ 60, ರಾಜ್ಯ ಶೇ 40. ಕೇಂದ್ರದ ಕಂತು ಇಳಿದು, ರಾಜ್ಯದ ಪಾಲು ಸೇರಿ, ವಲಯ ಕಚೇರಿಗೆ ತಲುಪಬೇಕು. ಅದಕ್ಕಿಂತ ದೊಡ್ಡ ಗಂಟು ಕ್ಯಾಂಪಾ ನಿಧಿಯದು. ಗಣಿಗೋ ರಸ್ತೆಗೋ ರೈಲಿಗೋ ಅರಣ್ಯ ಭೂಮಿ ಪಡೆದವರು ಆ ಕಾಡಿನ ಬೆಲೆ ಕಟ್ಟಬೇಕು. ಆ ಹಣ ಈ ನಿಧಿಗೆ ಸೇರುತ್ತದೆ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಪ್ರಕಾರ ಶೇ 90 ರಾಜ್ಯಕ್ಕೆ. 2019ರ ಆಗಸ್ಟ್‌ನಲ್ಲಿ ಕೇಂದ್ರ ರಾಜ್ಯಗಳಿಗೆ 47,436 ಕೋಟಿ ರೂ. ಬಿಡುಗಡೆ ಮಾಡಿದಾಗ ಕರ್ನಾಟಕದ ಪಾಲಿಗೆ ಸುಮಾರು 1,350 ಕೋಟಿ ಬಂತು. ಮೊತ್ತ ನೋಡಿ ಸಮಾಧಾನಪಡುವ ಹಾಗಿಲ್ಲ. ಎಲ್ಲೋ ಕಾಡು ಹೋದದ್ದಕ್ಕೆ ಬಂದ ಪರಿಹಾರ ಅದು. ಕಾಡು ಕಳೆಯುವುದು ಹೆಚ್ಚಿದಷ್ಟು ನಿಧಿ ತುಂಬುತ್ತದೆ. ಉಳಿದ ಗುಡ್ಡವನ್ನು ಕಾಯುವ ಹಣ ಇಂಥ ಮೂಲವನ್ನೇ ನೆಚ್ಚಿಕೊಂಡಿರಬಾರದು ಎಂದು ನನ್ನ ಬಲವಾದ ಅನಿಸಿಕೆ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋದ ಚಳಿಗಾಲದಲ್ಲಿ ಹೋಗಿದ್ದೆ. ಬೆಳಗಿನ ಆರೂವರೆ. ನೀರಿನ ಮೇಲೆ ಮಂಜು. ಮೊದಲು ದನಿ ಕೇಳಿತು, ದೂರದಲ್ಲಿ ಜಾತ್ರೆಗೆ ಹೊರಟ ಜನ ಮಾತಾಡುತ್ತ ಬಂದ ಹಾಗೆ. ಆಮೇಲೆ ಪೂರ್ವದ ಹೊಲಗಳ ಕಡೆಯಿಂದ ಸಾಲುಸಾಲಾಗಿ ಪಟ್ಟೆತಲೆ ಹೆಬ್ಬಾತುಗಳು ಬಂದು ಕಾಲು ಮುಂದೆ ಚಾಚಿ ನೀರಿಗೆ ಇಳಿದವು. ಬಿಳಿ ತಲೆಯ ಮೇಲೆ ಎರಡು ಕಪ್ಪು ಗೀರು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದ ಹಕ್ಕಿ ನಮ್ಮ ಕಡಲೆ ಹೊಲದಲ್ಲಿ ಮೇಯ್ದು ಈ ಕೆರೆಯಲ್ಲಿ ಹಗಲು ಕಳೆಯುತ್ತದೆ. ದಂಡೆಯಲ್ಲಿ ನಿಂತಿದ್ದ ರೈತರೊಬ್ಬರನ್ನು ಬೆಳೆ ಹಾಳಾಗುವುದಿಲ್ಲವೇ ಎಂದು ಕೇಳಿದೆ. “ಆಗತೈತ್ರಿ. ಕಡ್ಲಿ ಚಿಗುರ ಕಂಡ್ರ ಬಿಡಂಗಿಲ್ಲ. ಆದ್ರ ಹೊಡದು ಓಡಸಾಕ ಮನಸ್ ಬರಂಗಿಲ್ಲರಿ. ನಮ್ಮೂರ ಹೆಸರು ಪೇಪರ್‌ನ್ಯಾಗ ಬಂದದ್ದ ಅವುಗಳಿಂದ.”

ಸುಮಾರು 50 ಹೆಕ್ಟೇರ್ ವಿಸ್ತಾರದ ಈ ಕೆರೆ 2024ರ ಜನವರಿಯ ಕೊನೆಗೆ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆ ರಾಮ್ಸರ್ ತಾಣವೆಂದು, ಎಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶವೆಂದು, ಘೋಷಣೆಯಾಯಿತು. ಊರಲ್ಲಿ ಹಲವರು ಇನ್ನು ಜಾಗತಿಕ ಹಣ ಹರಿದು ಬರುತ್ತದೆ ಎಂದು ನಂಬಿದ್ದಾರೆ. ಹಾಗಾಗುವುದಿಲ್ಲ. 1971ರ ರಾಮ್ಸರ್ ಒಪ್ಪಂದ ಗೌರವ ಕೊಡುತ್ತದೆ, ಹೊಣೆಯನ್ನೂ ಕೊಡುತ್ತದೆ. ಚೆಕ್ಕು ಬರೆದುಕೊಡುವುದಿಲ್ಲ. ಜೌಗು ಪ್ರದೇಶಗಳಿಗೆ ಹಣ ಬರಬೇಕಾದದ್ದು ಕೇಂದ್ರದ ಜಲಪರಿಸರ ಸಂರಕ್ಷಣಾ ಯೋಜನೆಯಿಂದ, ಮತ್ತೆ ಅದೇ 60:40ರಲ್ಲಿ. ಅದಕ್ಕೆ ರಾಜ್ಯ ನಿರ್ವಹಣಾ ಯೋಜನೆ ಬರೆದು ಕಳಿಸಬೇಕು. ಆ ಯೋಜನೆಯಲ್ಲಿ ವೀಕ್ಷಣಾ ಗೋಪುರ, ಪಾರ್ಕಿಂಗ್, ಸ್ವಾಗತ ಕಮಾನು ಬರುತ್ತವೆ ಎಂದು ಯಾರಾದರೂ ಊಹಿಸಬಹುದು. ಆ ರೈತನ ಕಡಲೆಯ ನಷ್ಟ ಬರುತ್ತದೆಯೇ? ಹೆಬ್ಬಾತು ಕೆರೆಯಲ್ಲಿ ಕೂರುತ್ತದೆ, ಉಣ್ಣುವುದು ಹೊಲದಲ್ಲಿ. ಹೊಲದವರು ಇವತ್ತು ಮನಸ್ಸಿನಿಂದ ಕೊಡುತ್ತಿರುವುದನ್ನು ಅನುದಾನದ ಭಾಷೆಯಲ್ಲಿ ಬರೆದರೆ ಅದೇ ಅತಿ ದೊಡ್ಡ ಸ್ಥಳೀಯ ಪಾಲು. ಅದು ಯಾವ ಲೆಕ್ಕದಲ್ಲೂ ಕಾಣುವುದಿಲ್ಲ.

ಹಣ ಬಂದು ಕೆಟ್ಟದ್ದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, 119 ಚದರ ಕಿ.ಮೀ. ಅದಕ್ಕೂ ಮೊದಲಿನಿಂದ ಅಲ್ಲಿನ ಬಯಲಿನಲ್ಲಿ ನೀಲಗಿರಿ ನೆಡುತ್ತ ಬಂದಿದ್ದರು. ಕೃಷ್ಣಮೃಗಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಹುಲ್ಲುಬಯಲು. ಎರೆಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಅಷ್ಟೇ. ಬಯಲು ತೋಪಾಯಿತು, ಎರೆಲಡ್ಡು ಅಲ್ಲಿಂದ ಕಣ್ಮರೆಯಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ನಿಷೇಧಿಸಿದ್ದು 2017ರಲ್ಲಿ. ಅನುದಾನದ ಲೆಕ್ಕ ನೆಟ್ಟ ಸಸಿಯನ್ನು ಎಣಿಸುತ್ತದೆ. ಏನೂ ನೆಡದೆ ಬಯಲನ್ನು ಬಯಲಾಗಿಯೇ ಕಾಪಾಡಿದರೆ ಎಣಿಸಲು ಏನಿದೆ? ಎರೆಭೂಮಿಯ ನಮ್ಮ ನಾಡಿನಲ್ಲಿ ನೆಲ ಉಳಿಸುವುದೆಂದರೆ ಎಷ್ಟೋ ಕಡೆ ಮರ ನೆಡದಿರುವುದು. ಇದನ್ನು ಒಪ್ಪುವ ನಮೂನೆಯೊಂದು ಯಾವ ಯೋಜನೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅದೇ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಇದಕ್ಕೆ ತದ್ವಿರುದ್ಧ. ಕೋಟೆಯ ಒಳಗೆ ಪಶುಸಂಗೋಪನಾ ಇಲಾಖೆಯ ಖಿಲಾರಿ ತಳಿ ಕೇಂದ್ರವಿದೆ. ದನಕ್ಕೆಂದು ಹುಲ್ಲು ಉಳಿಸಿದರು, ದಿನವೂ ಜನ ಓಡಾಡಿದರು, ಹೊರಗಿನವರು ಒಳಗೆ ಬಂದು ಬೇಟೆಯಾಡುವಂತಿರಲಿಲ್ಲ. ಕಂದಕದ ಪೊದೆಗಳಲ್ಲಿ ನವಿಲು ಹೆಚ್ಚಿದವು. 2006ರಲ್ಲಿ ಸರ್ಕಾರ 139 ಎಕರೆಯನ್ನು ನವಿಲುಧಾಮವೆಂದು ಸಾರುವ ಎಷ್ಟೋ ಮೊದಲೇ ದನ ಕಾಯುವವರ ನಿತ್ಯದ ಇರವು ಅದನ್ನು ನವಿಲುಧಾಮ ಮಾಡಿತ್ತು.

ನೆಲದ ಬಗ್ಗೆ ಇನ್ನೊಂದು ಮಾತು. ನಮ್ಮ ಕಡೆ ಪ್ರತಿ ಹಳ್ಳಿಗೂ ಗಾಯರಾಣ ಎಂಬ ಜಮೀನಿದೆ, ಬೇರೆ ಕಡೆ ಗೋಮಾಳ ಎನ್ನುತ್ತಾರೆ. ಭೂಕಂದಾಯ ನಿಯಮದ ಪ್ರಕಾರ 100 ದನಗಳಿಗೆ 30 ಎಕರೆಯಷ್ಟು ಉಳಿಸಬೇಕು. ಆದರೆ ಆಶ್ರಯ ಮನೆಗೆ, ಸಬ್‌ಸ್ಟೇಷನ್ನಿಗೆ, ಕಸವಿಲೇವಾರಿಗೆ ಜಾಗ ಬೇಕೆಂದಾಗ ಮೊದಲು ಕೈ ಹೋಗುವುದು ಅದಕ್ಕೇ. ಸರ್ಕಾರದ ಲೆಕ್ಕದಲ್ಲಿ ಖಾಲಿ ಬಿದ್ದ ನೆಲ ಅದು. ನಗರದಲ್ಲಿ ಉದ್ಯಾನದ ಜಾಗದ್ದೂ ಇದೇ ಪಾಡು. ಬೆಂಗಳೂರಿನ ಉದ್ಯಾನವೊಂದರ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ಸಲ್ಲದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಉದ್ಯಾನ, ಆಟದ ಬಯಲು ಕಾಪಾಡಲು 1985ರ ರಾಜ್ಯ ಕಾಯ್ದೆಯೂ ಇದೆ. ಕಾನೂನು ಕಾಯುತ್ತದೆ, ಆದರೆ ಯಾರಾದರೂ ಕೋರ್ಟಿಗೆ ಹೋದ ಮೇಲೆ.

ಅಮೆರಿಕದಲ್ಲಿ 1964ರ ಕಾಯ್ದೆಯಿಂದ ಹುಟ್ಟಿದ ನೆಲ–ಜಲ ಸಂರಕ್ಷಣಾ ನಿಧಿಯೊಂದಿದೆ. ಸಮುದ್ರದಿಂದ ತೆಗೆಯುವ ತೈಲ, ಅನಿಲದ ಆದಾಯದಲ್ಲಿ ವರ್ಷಕ್ಕೆ 90 ಕೋಟಿ ಡಾಲರ್ ಅದಕ್ಕೆ ಕಾಯಂ ಎಂದು 2020ರಲ್ಲಿ ನಿಗದಿಯಾಯಿತು. ಆ ಮೊತ್ತ ನಮಗೆ ಹೋಲಿಕೆಯಲ್ಲ. ನನ್ನ ಗಮನ ಸೆಳೆದದ್ದು ಅದರ ಷರತ್ತು. ಊರೊಂದು ಈ ಹಣದಿಂದ ಉದ್ಯಾನ ಮಾಡಿದರೆ ಅರ್ಧ ಪಾಲು ತಾನು ಹಾಕಬೇಕು, ಮತ್ತು ಆ ನೆಲ ಶಾಶ್ವತವಾಗಿ ಜನರ ಬಯಲಾಗಿಯೇ ಉಳಿಯಬೇಕು. ಬೇರೆಯದಕ್ಕೆ ಬಳಸಿದರೆ ಅಷ್ಟೇ ಬೆಲೆಯ, ಅಷ್ಟೇ ಉಪಯೋಗದ ಇನ್ನೊಂದು ಜಾಗ ಕೊಡಬೇಕು. ನಮ್ಮ ಅನುದಾನದ ಆದೇಶಗಳಿಗೆ ಈ ಒಂದು ಪ್ಯಾರಾ ಸೇರಿಸಲು ಖರ್ಚೇನೂ ಇಲ್ಲ.

ಸೇರಿಸಬೇಕಾದ ಎರಡನೆಯದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ, ಅರಣ್ಯ ಇಲಾಖೆಯ ಕಚೇರಿಗೆ ಹೋದರೆ ಸಾಕು. ನೆಡುತೋಪಿನ ಎಸ್ಟಿಮೇಟಿನಲ್ಲಿ ನೆಡುವ ವರ್ಷದ ಕೆಳಗೆ ಮೊದಲ ವರ್ಷದ ನಿರ್ವಹಣೆ, ಎರಡನೇ ವರ್ಷದ್ದು, ಮೂರನೇ ವರ್ಷದ್ದು ಎಂದು ಸಾಲುಗಳಿರುತ್ತವೆ. ಮಾಲಿ ಹೇಳಿದ ಮೂರು ಬೇಸಿಗೆ ಅಲ್ಲಿ ಕಾಗದದ ಮೇಲೆ ಬಂದಿದೆ. ಅದೇ ಪದ್ಧತಿಯನ್ನು ಪಾಲಿಕೆ, ನಗರಸಭೆಗಳ ಉದ್ಯಾನ ಕಾಮಗಾರಿಗೂ ತರಬಹುದು. ಮೂರನೆಯ ಬೇಸಿಗೆ ಮುಗಿದು ಜೂನ್‌ನಲ್ಲಿ ಬದುಕಿರುವ ಗಿಡ ಎಣಿಸಿದ ಮೇಲೆಯೇ ಕೊನೆಯ ಬಿಲ್ ಪಾವತಿಸುವುದೆಂದು ಟೆಂಡರಿನಲ್ಲೇ ಬರೆಯಬಹುದು. ಆಗ ಗುತ್ತಿಗೆದಾರರೇ ಮೋಟರ್ ಸುಟ್ಟ ಮರುದಿನ ಓಡಿ ಬರುತ್ತಾರೆ.

ಮುಂಗಡಪತ್ರ ಸಿದ್ಧವಾಗುವ ಹೊತ್ತಿಗೆ ಇದನ್ನು ಕೇಳಬೇಕೆಂದು ನಮ್ಮ ಬಡಾವಣೆಯ ಇಪ್ಪತ್ತೆರಡು ಮನೆಯವರು ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಹೊಸ ಕಾಮಗಾರಿ ಏನೂ ಕೇಳಿಲ್ಲ. ಮೋಟರ್ ರಿಪೇರಿಯಾಗಬೇಕು, ಮಾಲಿ ವಾರಕ್ಕೆ ಆರು ದಿನ ಬರಬೇಕು, ನಮ್ಮ ಉದ್ಯಾನದ ನಿರ್ವಹಣೆಗೆಂದು ಮುಂಗಡಪತ್ರದಲ್ಲಿ ಬೇರೆ ಸಾಲು ಕಾಣಬೇಕು, ಇಷ್ಟೇ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಉಳಿದ ಹದಿಮೂರು ಗಿಡಗಳನ್ನು ಮನೆಮನೆಗೆ ಹಂಚಿಕೊಂಡಿದ್ದೇವೆ. ನನ್ನ ಪಾಲಿಗೆ ಗೇಟಿನ ಪಕ್ಕದ ಬೇವು ಮತ್ತು ಮೂಲೆಯ ಒಂದು ನೇರಳೆ ಬಂದಿವೆ, ಬೆಳಿಗ್ಗೆ ಒಂದೊಂದಕ್ಕೆ ಒಂದೊಂದು ಕೊಡ.